ನಾಲ್ಕನೆಯ ಸೀಟು

ಶುಕ್ರವಾರ ನಾಲ್ಕೂವರೆಗೆ ಅಂಧೇರಿಯ ಆಫೀಸಿನಲ್ಲಿ
ನಾನೇ ಟೈಪು ಮಾಡಿದ್ದು:
ಸೋಮವಾರದಿಂದ ನಾಲ್ಕು ರಿಸೋರ್ಸ್ ಲಭ್ಯ.
ಹೆಸರಿಲ್ಲ. ಒಂದು ನಂಬರು, ಎಷ್ಟು ವರ್ಷದ ಅನುಭವ,
ಗಂಟೆಗೆ ಇಷ್ಟು.

ಕೆಲಸವಿಲ್ಲದೆ ಕೂತವರನ್ನು ನಮ್ಮಲ್ಲಿ
ಬೆಂಚಿನ ಮೇಲಿದ್ದಾರೆ ಅನ್ನುತ್ತೇವೆ.
ಬೆಂಚೇನೂ ಇಲ್ಲ. ಇರುವುದು ತಿರುಗುವ ಕುರ್ಚಿ,
ತಿರುಗಿದರೆ ಗೋಡೆ.

ನಿಜವಾದ ಬೆಂಚುಗಳಿರುವುದು ಫೋರ್ಟಿನ ರಾತ್ರಿಶಾಲೆಯಲ್ಲಿ.
ಹಗಲು ಮರಾಠಿ ಮಕ್ಕಳವು, ಏಳರ ಮೇಲೆ ನಮ್ಮವು.
ಒಂಬತ್ತನೇ ಕ್ಲಾಸು, ಹನ್ನೊಂದು ಜನ,
ಉಗುರಿನ ಸಂದಿಯಲ್ಲಿ ಸಾಬೂನು, ಸಿಮೆಂಟು,
ಒಬ್ಬನಿಗೆ ಮಾತ್ರ ಅರಿಶಿನ.

ಏಳನೇ ಪಾಠ, ಹೊಸ ಶಬ್ದ.
ಬೋರ್ಡಿನ ಮೇಲೆ ಬರೆದೆ: ಸಂಪನ್ಮೂಲ.
ಬರೆದದ್ದನ್ನೇ ಮತ್ತೆ ಬಿಡಿಸಿ ಹೇಳಬೇಕಾಯಿತು,
ಸಂಪತ್ತಿನ ಮೂಲ.
'ಮೂಲವ್ಯಾಧಿಯ ಮೂಲವಾ ಮೇಡಂ?'
ಹಿಂದಿನ ಸಾಲು ಬೆಂಚು ಸಮೇತ ನಕ್ಕಿತು.

ದೂಮಪ್ಪ ಕೈ ಎತ್ತಿದ.
'ಇಡ್ಲಿ ಮುಗಿದ ಮೇಲೆ ಗಿರಾಕಿ ಬಂದರೆ
ಗಲ್ಲೆಯಿಂದ ಭಟ್ರು ಒಳಗೆ ಕೂಗ್ತಾರೆ, ಉಪ್ಪಿಟ್ಟು ಹಾಕಿ ಅಂತ.
ಆಗ ರವೆ ರಿಸೋರ್ಸಾ, ಭಟ್ರು ರಿಸೋರ್ಸಾ?'
ರವೆ, ಅಂದೆ. ಯೋಚಿಸಿ, ಭಟ್ಟರೂ ಅಂದೆ.
'ಉಪ್ಪಿಟ್ಟು ತಿರುವುದು ನಾನು' ಅಂತ ಕೂತ.

ನದಿ ಹೇಳಿದೆ, ಕಾಡು ಹೇಳಿದೆ, ಕಲ್ಲಿದ್ದಲು.
ಪುಸ್ತಕದ ಚೌಕದಲ್ಲಿತ್ತು, ಅದನ್ನೂ ಹೇಳಿದೆ: ಮನುಷ್ಯರು.
ಶಿವಡಿಯ ಟವರಿನಲ್ಲಿ ಬುಟ್ಟಿ ಹೊರುವ ಸಾಬಮ್ಮ
ತಲೆ ಎತ್ತದೆ ಕೇಳಿದಳು,
'ನಾವೂ ಬರ್ತೀವೇನ್ರಿ ಅದ್ರಾಗ?'
ಹೌದು ಅನ್ನುವುದಕ್ಕೆ
ಸೀಮೆಸುಣ್ಣದ ಒಂದು ಕಡ್ಡಿ ಮುರಿಯುವಷ್ಟು ತಡವಾಯಿತು.

ಶಾಲೆಯ ನಿಘಂಟಿನಲ್ಲಿ 'ಆರ್' ಪುಟಗಳನ್ನು
ಗೆದ್ದಲು ಅರ್ಧ ಮುಗಿಸಿದೆ.
ಉಳಿದರ್ಧ ಹೇಳುತ್ತದೆ: ಹಳೆಯ ಲ್ಯಾಟಿನ್ನಿನಲ್ಲಿ
ಇದರ ಬೇರು, ಮತ್ತೆ ಏಳು.
ಬಿದ್ದದ್ದು ಯಾರು, ಎಲ್ಲಿ,
ಅದು ಗೆದ್ದಲಿನ ಹೊಟ್ಟೆಯಲ್ಲಿ.

ನಮ್ಮ ಕಡೆ ಇದಕ್ಕೆ ನಾಮಪದ ಹುಡುಕಿದವರಿಲ್ಲ,
ಆಗು ಅಂದರೆ ಸಾಕಾಗುತ್ತಿತ್ತು.
ಹೊತ್ತಿಗಾಗುತ್ತದೆ, ಕೈಗಾಗುತ್ತಾನೆ,
ಆಪತ್ತಿಗಾದವನೇ ನೆಂಟ.
ಇದ್ದವನಲ್ಲ.
ಆದವನು.
ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ, ಆದ್ದರಿಂದ ಹೇಳಲಿಲ್ಲ.

ಒಂಬತ್ತು ನಲವತ್ತೇಳರ ಡೊಂಬಿವಲಿ ಸ್ಲೋ.
ಹೆಂಗಸರ ಡಬ್ಬಿ. ಮೂವರ ಬೆಂಚಿನಲ್ಲಿ ಮೂವರು:
ಒಬ್ಬಳ ಮಡಿಲಲ್ಲಿ ಮೇಥಿ, ಸೋಸುತ್ತಿದ್ದಾಳೆ,
ಒಬ್ಬಳು ಬಾಯಿ ತೆರೆದು ನಿದ್ದೆ,
ಒಬ್ಬಳು ಫೋನಿನಲ್ಲಿ ಯಾರ ಮೇಲೋ ಗುಜರಾತಿಯಲ್ಲಿ ಸಿಟ್ಟು.
'ಜರಾ ಸರಕೋ' ಅಂದೆ.
ಯಾರೂ ನನ್ನ ಮುಖ ನೋಡಲಿಲ್ಲ.
ನಿದ್ದೆಯವಳು ನಿದ್ದೆಯಲ್ಲೇ ಸರಿದಳು,
ಸಿಟ್ಟು ಅರ್ಧ ಗೇಣು ಜರುಗಿತು,
ಮೇಥಿಯ ಕಡ್ಡಿಗಳು ಕೆಳಗೆ ಉದುರಿದವು.
ರೈಲ್ವೆಯವರು ಮಾಡಿಸದ ನಾಲ್ಕನೆಯ ಸೀಟು,
ಒಂದು ತೊಡೆಯಷ್ಟು,
ಕೇಳುವ ತನಕ ಎಲ್ಲೂ ಇರಲಿಲ್ಲ.

ಹೇಳುವುದು ಬಿಟ್ಟೆ:
ಆ ಪಟ್ಟಿಯ ನಾಲ್ಕನೆಯ ನಂಬರು ನನ್ನದು.
ಹನ್ನೆರಡು ವರ್ಷ, ಗಂಟೆಗೆ ಇಷ್ಟು,
ಟೈಪು ಮಾಡುವಾಗ ಬೆರಳು ತಪ್ಪಲಿಲ್ಲ.
ಕಳಿಸುವ ಮೊದಲು ಎರಡು ಸಲ ಓದಿದೆ,
ಕಾಗುಣಿತಕ್ಕಾಗಿ.

ಕುರ್ಲಾ ದಾಟಿದ ಮೇಲೆ ಹೋಂವರ್ಕಿನ ಕಟ್ಟು ಬಿಚ್ಚಿದೆ.
ಹೊಸ ಶಬ್ದ ಬಳಸಿ ಸ್ವಂತ ವಾಕ್ಯ ಬರೆಯಿರಿ.
ಎಂಟು ಜನ ನೀರು ಅಂತ ಬರೆದಿದ್ದಾರೆ,
ಎಂಟೂ ಒಬ್ಬರನ್ನೊಬ್ಬರು ನೋಡಿಕೊಂಡೇ.
ದೂಮಪ್ಪ ಭಟ್ಟರನ್ನು ಸೇರಿಸಿ ಮತ್ತೆ ಹೊಡೆದುಹಾಕಿದ್ದಾನೆ.
ಸಾಬಮ್ಮನದು ಎರಡು ಸಾಲು,
ಪೆನ್ಸಿಲ್ ಒತ್ತಿ ಒತ್ತಿ ಹಾಳೆಯ ಹಿಂದೂ ಮೂಡಿದೆ:
ಐ ಹ್ಯಾವ್ ನೋ ರಿಸೋರ್ಸ್.
ಐ ಹ್ಯಾವ್ ಸಿಸ್ಟರ್.

ಸಿಸ್ಟರಿನ ಮುಂದೆ ಒಂದು 'ಎ' ಬೇಕಿತ್ತು.
ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ,
ಥಾಣೆ ಬಂತು,
ಯಾರೋ 'ಜರಾ ಸರಕೋ' ಅಂದರು.