ಕಚ್ಚಾ ಪ್ರೋಟೀನ್

ಪೆನ್ರಿತ್ತಿನ ಹೊರಗಿನ ಈ ಲ್ಯಾಬಿಗೆ
ಮೇ ಬಂತೆಂದರೆ ಹುಲ್ಲು ಅಂಚೆಯಲ್ಲಿ ಬರುತ್ತದೆ.
ಗಾಳಿ ಹಿಂಡಿ ಕಟ್ಟಿದ ಪ್ಲಾಸ್ಟಿಕ್ ಚೀಲ,
ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಹೊಲದ ಹೆಸರು:
ಚರ್ಚಿನ ಹಿಂದಿನದು, ಕೆರೆ ಮೂಲೆ,
ಒಂದಕ್ಕೆ ಬರೀ ‘ದೊಡ್ಡದು’.
ಒಣಗಿಸುತ್ತೇನೆ, ಬೀಸುತ್ತೇನೆ.
ಹಿಟ್ಟಾದ ಮೇಲೆ ಯಾವ ಹೊಲ ಯಾರದೆಂದು
ಆ ಚೀಟಿ ಹೇಳಿದರೆ ಉಂಟು.

ಯಂತ್ರಕ್ಕೆ ಪ್ರೋಟೀನ್ ಗೊತ್ತಿಲ್ಲ.
ಸಾರಜನಕ ಎಣಿಸುತ್ತದೆ,
ಆರೂಕಾಲರಿಂದ ಗುಣಿಸುತ್ತದೆ,
ಬಂದದ್ದಕ್ಕೆ ಪ್ರೋಟೀನ್ ಎಂದು ಹೆಸರಿಡುತ್ತದೆ.
ಮುಂದೆ ‘ಕಚ್ಚಾ’ ಅಂತ ಸೇರಿಸಿಕೊಂಡದ್ದು ನಾವು,
ಸ್ವಲ್ಪ ನಾಚಿಕೆಯಿಂದ.

ಗಾರ್ತ್ ರೆಲ್ಫ್‌ನ ಹುಲ್ಲು ಇಪ್ಪತ್ತೆರಡು ತೋರಿಸಿತು.
ಫೋನಿನಲ್ಲೇ ಶಿಳ್ಳೆ ಹೊಡೆದ.
ಯೂರಿಯಾ ತಡವಾಗಿ ಸುರಿದಿದ್ದ,
ವಾರವಿಡೀ ಬಿಸಿಲಿರಲಿಲ್ಲ,
ಹುಲ್ಲು ಕುಡಿದದ್ದು ಇನ್ನೂ ಅರಗಿರಲಿಲ್ಲ.
ಅರ್ಧ ಅಂಕಿ ಬರೀ ಉಪ್ಪು, ಗಾರ್ತ್.
ಹಸುವಿನ ಬಾಯಲ್ಲಿ ಹೊಕ್ಕು ಗಂಜಲವಾಗಿ
ನಿನ್ನ ಹೊಲಕ್ಕೇ ವಾಪಸು.
ಅವನಿಗೆ ಇಪ್ಪತ್ತೆರಡೇ ಇಷ್ಟವಾಯಿತು.

ಐಸಬೆಲ್ ಬಿರ್ಕೆಟ್‌ಳ ‘ದೊಡ್ಡದು’
ವರ್ಷ ವರ್ಷವೂ ಹದಿನೇಳರ ಆಸುಪಾಸು.
ಈ ಸಲ ಹತ್ತು ಪಾಯಿಂಟ್ ನಾಲ್ಕು.
ಎರಡು ಸಲ ಬೀಸಿದೆ, ಎರಡು ಸಲವೂ ಅದೇ.
‘ಗೊಬ್ಬರ ಕಲಬೆರಕೆ ಇತ್ತೇನೋ?’ ಎಂದಳು.
ಕೊಯ್ದದ್ದು ಯಾವತ್ತು, ಕೇಳಿದೆ.
‘ಜೂನ್ ಒಂಬತ್ತು.’
ಸಾಮಾನ್ಯವಾಗಿ?
‘ಮೇ ಇಪ್ಪತ್ತು. ಆದರೆ ಆವತ್ತು ವಿಲ್ಫ್
ಟ್ರಾಕ್ಟರಿನ ಮೆಟ್ಟಿಲ ಮೇಲೆ ಬಿದ್ದ. ನನ್ನ ತಮ್ಮ.
ಕಾರ್ಲೈಲಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ
ಪಕ್ಕದ ಕುರ್ಚಿಯಲ್ಲಿ ಇದ್ದೆ.’

ಹುಲ್ಲು ಯಾರ ಹಾಸಿಗೆಯ ಪಕ್ಕವೂ ಕೂರುವುದಿಲ್ಲ.
ತೆನೆ ಎತ್ತಿತು, ಎಲೆ ಸೊರಗಿ ಕಾಂಡ ಕಡ್ಡಿಯಾಯಿತು.
ಅಮ್ಮ ಬೆರಳ ನಡುವೆ ಪಾಕ ಎಳೆದು ನೋಡುತ್ತಿದ್ದಳು:
ಎರಡೆಳೆಗೆ ಇಳಿಸಬೇಕು. ಹದ ಮೀರಿದ ಮೇಲೆ
ಇನ್ನಷ್ಟು ಸಕ್ಕರೆ ಸುರಿದರೆ
ಎಳೆ ಹಿಂದಕ್ಕೆ ಬರುತ್ತದೆಯೇ?
ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ
ಲೆಕ್ಕ ಹೇಳಿದೆ:
ಇದನ್ನು ಹಾಲು ಬತ್ತಿಸಿದ ಹಸುಗಳಿಗೆ ಹಾಕು,
ಕರೆಯುವವಕ್ಕೆ ಜೊತೆಗೆ ಹಿಂಡಿ ಕೊಡು,
ಎರಡನೇ ಕೊಯ್ಲಿಗೆ ಗೊಬ್ಬರ ಹೆಚ್ಚಿಸಬೇಡ,
ಐದು ವಾರಕ್ಕೆ ಕುಡುಗೋಲು ಇಳಿಸು.
ಅತ್ತ ಪೆನ್ಸಿಲ್ ಕಾಗದದ ಮೇಲೆ ಗೀಚುವ ಸದ್ದು.
ವರದಿಯ ಷರಾ ಕಾಲಮ್ಮಿನಲ್ಲಿ ಟೈಪ್ ಮಾಡಿದೆ:
ಕೊಯ್ಲು ತಡ.

ಜುಲೈ ಹದಿನೈದಕ್ಕೆ ಇನ್ನೊಂದು ಚೀಲ.
ಚೀಟಿಯಲ್ಲಿ ‘ದೊಡ್ಡದು’ ಎಂದೇ ಇದೆ,
ಆದರೆ ಕೈ ಬೇರೆ. ಅಕ್ಷರ ಒಂದೊಂದೂ
ಎಡಕ್ಕೆ ವಾಲಿ, ಗೆರೆಯಿಂದ ಜಾರಿ,
ಕೊನೆಯದಕ್ಕೆ ಜಾಗ ಸಾಲದೆ
ಚೀಟಿಯ ಅಂಚಿಗೆ ಮಡಚಿಕೊಂಡಿದೆ.
ಎಡಗೈಯಲ್ಲಿ ಕಲಿಯುತ್ತಿರುವವನ ಬರಹ ಅನ್ನಿಸಿತು.
ಕೇಳಲಿಲ್ಲ.

ಹುಲ್ಲು ಒಲೆಯಲ್ಲಿದೆ, ಅರವತ್ತು ಡಿಗ್ರಿ.
ಬೆಳಗಿನವರೆಗೆ ಅದರ ಅಂಕಿ
ಯಾರಿಗೂ ಗೊತ್ತಿಲ್ಲ.