ಹದಿನಾಲ್ಕನೆಯ ಮರದ ಸುತ್ತಳತೆ

ಮೇ ಎರಡನೆಯ ವಾರ. ಹುಡುಗರೆಲ್ಲ ಊರಿಗೆ ಹೋಗಿಯಾಗಿದೆ.
ಪಾರ್ಕಿಂಗಿನ ಮೂಲೆಯಲ್ಲಿ ಕೊನೆಯ ಹಿಮದ ಗುಡ್ಡೆ
ಇದ್ದಿಲ ಬಣ್ಣಕ್ಕೆ ತಿರುಗಿ, ಹೊರಡಲೊಲ್ಲದ ನೆಂಟನ ಹಾಗೆ ಕೂತಿದೆ.
ಮಿಷಿಗನ್ನಿನ ಈ ಉತ್ತರದ ಅಂಚಿನಲ್ಲಿ, ನಮ್ಮ ಪುಟ್ಟ ಕಾಲೇಜಿನಲ್ಲಿ
ಇವತ್ತು ಮೌಲ್ಯಮಾಪನ.

ಡಾರ್ಕಸ್ ಲಿಂಡ್‌ಕ್ವಿಸ್ಟ್ ಡೋನಟ್ ತಂದಿದ್ದಾಳೆ.
ಅರಣ್ಯ ವಿಭಾಗದ ಹನ್ನೆರಡು ಪತ್ರಿಕೆ,
ಹೆಸರುಗಳ ಮೇಲೆ ಕಪ್ಪು ಪಟ್ಟಿ.
"ನೆನಪಿರಲಿ, ಅಳೆಯುತ್ತಿರುವುದು ಹುಡುಗರನ್ನಲ್ಲ,
ಕಲಿಸಿದವರನ್ನೂ ಅಲ್ಲ, ಕೋರ್ಸನ್ನು ಮಾತ್ರ.
ಯಾರ ಮೇಲೂ ಗೂಬೆ ಕೂರಿಸುವುದು ಬೇಡ."
ಎಯ್ನೊ ಸಾಲ್ಮೆಲಾ ಡೋನಟ್ಟಿನ ತೂತಿನಿಂದ ಕಿಟಕಿಯತ್ತ ನೋಡಿದ.
ಮೂವತ್ತೊಂದು ವರ್ಷ ಮರ ಅಳೆಯುವುದನ್ನು ಕಲಿಸಿದವನು.
ನಾನು ವರದಿ ಬರೆಯುವುದನ್ನು ಕಲಿಸುತ್ತೇನೆ,
ಗಂಟೆ ಲೆಕ್ಕದ ಕೂಲಿಗೆ.

ನಾಲ್ಕು ಮನೆಯ ಕೋಷ್ಟಕ:
ಮೊಳಕೆ, ಬೆಳವಣಿಗೆ, ಸಾಮರ್ಥ್ಯ, ಪ್ರಾವೀಣ್ಯ.
ಕಲಿಕಾ ಫಲಿತಾಂಶ ಮೂರು: 'ವಿದ್ಯಾರ್ಥಿಗಳು
ಗೊತ್ತುಪಡಿಸಿದ ತುಂಡು ಕಾಡಿನ ಪ್ರತಿ ಮರದ ಸುತ್ತಳತೆಯನ್ನು
ನಿಖರವಾಗಿ ದಾಖಲಿಸಬಲ್ಲರು.'
ಆ ವಾಕ್ಯ ನನ್ನದೇ. ಮೊದಲು 'ಅರಿಯಬಲ್ಲರು' ಎಂದಿತ್ತು;
ಅರಿವು ಅಳತೆಗೆ ಸಿಗುವ ಕ್ರಿಯಾಪದವಲ್ಲವೆಂದು
ಡಾರ್ಕಸ್ ಹೊಡೆದುಹಾಕಿದ್ದಳು.

ಆರು ಪತ್ರಿಕೆ ಸಲೀಸು. ಮೂರು, ಮೂರು, ಎರಡು, ಮೂರು.
ಏಳನೆಯದರಲ್ಲಿ ಇಪ್ಪತ್ತು ಮರಕ್ಕೆ ಹತ್ತೊಂಬತ್ತೇ ಅಂಕಿ.
ಹದಿನಾಲ್ಕರ ಎದುರು ಪೆನ್ಸಿಲ್ಲಿನ ಓರೆ ಅಕ್ಷರ:
"ಆಸ್ಪೆನ್. ನನ್ನ ತಲೆಯ ಮೇಲೆ ಒಂದು ಮೊಳಕ್ಕೆ ಪೊಟರೆ.
ಒಳಗೆ ಗೂಬೆ, ಮುಷ್ಟಿಯಷ್ಟು, ಕಾವಿಗೆ ಕೂತಿತ್ತು.
ಟೇಪು ಸುತ್ತಲಿಲ್ಲ."

ಎಯ್ನೊ: "ಒಂದು."
ನಾನು: "ನಾಲ್ಕು."
ಮೇಜಿನ ಮೇಲೆ ಸಕ್ಕರೆ ಉದುರಿತು.
"ಬಿಟ್ಟ ಮರ ಬಿಟ್ಟ ಮರವೇ. ಮಿಲ್ಲಿನವರು ಗೂಬೆ ಕೇಳುವುದಿಲ್ಲ."
"ಬಿಟ್ಟದ್ದನ್ನು ಬಿಟ್ಟೆ ಅಂತ ಬರೆದಿದೆಯಲ್ಲ.
ಬೇರೆಯವರಾದರೆ ನಲವತ್ತು ಇಂಚು ಅಂತ ಗೀಚಿ
ಊಟಕ್ಕೆ ಹೋಗುತ್ತಿದ್ದರು."
ಅಂತರ ಒಂದನ್ನು ಮೀರಿದರೆ ಮೂರನೆಯ ಓದು, ಅದು ನಿಯಮ.
ಡಾರ್ಕಸ್ ಕನ್ನಡಕ ಏರಿಸಿ ಎರಡು ಸಲ ಓದಿದಳು.
ಕೋಷ್ಟಕದ ಮೇಲೆ ಬೆರಳಾಡಿಸುತ್ತ
"ಗೂಬೆಗೆ ಇಲ್ಲಿ ಮನೆಯಿಲ್ಲ" ಎಂದಳು.
ಎರಡು ಹಾಕಿದಳು.

ಗುರಿ ಶೇಕಡಾ ಎಪ್ಪತ್ತು, ಬಂದದ್ದು ಎಪ್ಪತ್ತೈದು.
'ಮುಂದಿನ ಕ್ರಮ' ಎಂಬ ಕಡೆಯ ಅಂಕಣಕ್ಕೆ
'ಇನ್ನಷ್ಟು ಅಭ್ಯಾಸ' ಎಂದು ಬೆರಳಚ್ಚಿಸಿದೆ.
ಹೋದ ವರ್ಷವೂ ಅದನ್ನೇ ಬರೆದಿದ್ದೆ.

ಮನೆಗೆ ಬಿಡುತ್ತೇನೆಂದ ಎಯ್ನೊ ಹೇಳದೆ ಕೇಳದೆ
ಟ್ರಕ್ಕನ್ನು ಕಾಡಿನ ಹಾದಿಗೆ ತಿರುಗಿಸಿದ.
ಕೆಸರು ಬೂಟು ಹಿಡಿದು ಜಗ್ಗಿತು.
ಹದಿನಾಲ್ಕು, ತೊಗಟೆಯ ಮೇಲೆ ನೀಲಿ ಬಣ್ಣದಲ್ಲಿ.
ಪೊಟರೆ ಇತ್ತು.
ಟೇಪಿನ ಡಬ್ಬಿಯಿಂದ ಕಾಂಡಕ್ಕೆ ಬಡಿದ; ಒಳಗಿದ್ದರೆ ಇಣುಕುತ್ತದಂತೆ.
ಇಣುಕಲಿಲ್ಲ.
ಇನ್ನೊಮ್ಮೆ ಬಡಿದ, ಮೆಲ್ಲಗೆ,
ಮೇಷ್ಟರ ಕೋಣೆಯ ಬಾಗಿಲಲ್ಲಿ ನಿಂತ ಮೊದಲ ವರ್ಷದವನಂತೆ.

ಬುಡದ ತರಗೆಲೆಯಲ್ಲಿ ಬೂದು ಉಂಡೆಯೊಂದು ಸಿಕ್ಕಿತು,
ಕೂದಲು, ಇಲಿಯ ದವಡೆ.
ಯಾವ ಗೂಬೆ ಕಾರಿದ್ದೋ, ಯಾವ ವರ್ಷದ್ದೋ.
"ಪರೋಕ್ಷ ಸಾಕ್ಷ್ಯ" ಎಂದ. ನಗಲಿಲ್ಲ.

ಟೇಪು ಎಳೆದ. ತುದಿ ಹಿಡಿದು ನಾನು ಮರದ ಆಚೆ ನಿಂತೆ,
ಇಬ್ಬರ ನಡುವೆ ಕಾಂಡ, ಅವನ ಮುಖ ಕಾಣದಂತೆ.
ತುಸು ಹೊತ್ತಿನ ಮೇಲೆ "ಬಿಡು" ಎಂದ.
ಉಕ್ಕಿನ ನಾಲಿಗೆ ಸರ್ರನೆ ಡಬ್ಬಿ ಸೇರಿತು.

ವಾಪಸು ದಾರಿಯಲ್ಲಿ ಒಂದೇ ಮಾತು:
"ಏಳನೆಯದು ಯಾರದಿರಬಹುದು?"
ಆ ಓರೆ ಅಕ್ಷರ... ಸೆಪ್ಟೆಂಬರಿನಲ್ಲಿ
ಒಂದು ವಾಕ್ಯವನ್ನೂ ಮುಗಿಸಲಾರದೆ
ನನ್ನ ತರಗತಿಯಿಂದ ಎದ್ದುಹೋದ ಹುಡುಗಿಯದು.

ಗೊತ್ತಿಲ್ಲ, ಅಂದೆ.