ಮೈನಸ್ ನಲವತ್ತು

ಭದ್ರಾವತಿಯ ಏಪ್ರಿಲ್ಲಿನಲ್ಲಿ
ನಾನು ಚಳಿ ತಯಾರಿಸುತ್ತಿದ್ದೆ.
ಸ್ಪಿರಿಟ್ಟಿನ ತೊಟ್ಟಿಗೆ ಡ್ರೈ ಐಸ್ ಜಜ್ಜಿ ಸುರಿದು
ಕಡ್ಡಿಯಲ್ಲಿ ಕಲಕಿ, ಥರ್ಮಾಮೀಟರು ಇಳಿಯುವುದನ್ನು
ಹಾಲು ಉಕ್ಕುವುದನ್ನು ಕಾಯುವ ಹಾಗೆ ಕಾಯುತ್ತ.
ಹೊರಗೆ ಕುಲುಮೆ. ಒಳಗೆ ಉತ್ತರ ಧ್ರುವ.
ನಡುವೆ ಒಂದು ತಗಡಿನ ಬಾಗಿಲು,
ಅದೂ ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ.

ಉಕ್ಕು ಚಳಿಗೆ ಹೆದರುತ್ತದೆ, ಗೊತ್ತೆ?
ಇಲ್ಲಿ ಬಾಗಿ ಬಳುಕಿ ತಡೆದುಕೊಳ್ಳುವಂಥದು
ಅಲ್ಲಿ ಕಡಲೆಮಿಠಾಯಿಯಂತೆ ಚಟ್ಟನೆ ಮುರಿಯುತ್ತದೆ.
ಅದಕ್ಕೇ ಈ ಪರೀಕ್ಷೆ: ಬೆರಳುದ್ದದ ತುಂಡು, ನಡುವೆ ಒಂದು ಗೀರು,
ತೊಟ್ಟಿಯಿಂದ ಎತ್ತಿದ ಐದು ಸೆಕೆಂಡಿನೊಳಗೆ
ತೂಗಿಬರುವ ಸುತ್ತಿಗೆಗೆ ಒಡ್ಡಬೇಕು.
ಆರನೆಯ ಸೆಕೆಂಡಿಗೆ ಅದು ಭದ್ರಾವತಿಯ ಉಕ್ಕು.
ಐದರೊಳಗೆ, ಧ್ರುವದ್ದು.

ಕೊಕ್ಕೆಗಾಗಿ ಬಂದಿದ್ದರು ಇಬ್ಬರು,
ಹಿಮದಲ್ಲಿ ಸಿಕ್ಕಿಬಿದ್ದ ಹಡಗನ್ನು ಎಳೆದು ತರುವ ಕೊಕ್ಕೆ.
ನಕ್ಷೆಯ ಮೂಲೆಯಲ್ಲಿ ಎರಡು ದೇಶದ ಮೊಹರು.
ಗ್ಲೇಬ್, ರಷ್ಯಾದವನು, ಮೀಸೆಯ ತುದಿಯಲ್ಲಿ ಬೆವರು,
ಕೈಯಲ್ಲಿ ಸ್ಟಾಪ್‌ವಾಚು;
ನನಗೆ ಮೇಡಮ್ ಐದು ಸೆಕೆಂಡು ಅಂತ ಹೆಸರಿಟ್ಟವನು.
ಸೀವರ್ಟ್, ನಾರ್ವೆಯವನು,
ಕ್ಯಾಂಟೀನಿನ ಮೆಣಸಿನಕಾಯಿ ಬಜ್ಜಿಗೆ ಅತ್ತವನು.
"ಯಾರ ಹಡಗಿಗೆ ಈ ಕೊಕ್ಕೆ?" ಅಂತ ಕೇಳಿದೆ.
"ಯಾರದು ಸಿಕ್ಕಿಬಿತ್ತೋ ಅವರದಕ್ಕೆ."
ಇಬ್ಬರೂ ಒಟ್ಟಿಗೇ ಅಂದರು, ಬೇರೆಬೇರೆ ಇಂಗ್ಲಿಷಿನಲ್ಲಿ.

ಮುರಿದ ಮುಖ ಮಿರುಗಿದರೆ ಮೋಸ.
ಮಸುಕಾಗಿ, ನಾರುನಾರಾಗಿ,
ಕೊನೆಯ ಎಳೆಯವರೆಗೂ ಬಿಡೆನೆಂದು ಹಿಡಿದು ಮುರಿದಿದ್ದರೆ
ನಂಬಬಹುದು.
ನಮ್ಮದು ನಾರುನಾರಾಗಿತ್ತು.
ಮೂರನೆಯ ತುಂಡಿನ ಒಂದು ಅರ್ಧ ಇವನ ಜೇಬಿಗೆ, ಇನ್ನರ್ಧ ಅವನ ಜೇಬಿಗೆ.
ಕೂಡಿಸಿದರೆ ಇವೆರಡೇ ಕೂಡುವುದು,
ಜಗತ್ತಿನಲ್ಲಿ ಬೇರೆ ಯಾವುದೂ ಅಲ್ಲ, ಅಂದ ಸೀವರ್ಟ್,
ಮೂಗು ಒರೆಸಿಕೊಳ್ಳುತ್ತ.

ಹನ್ನೊಂದು ವರ್ಷದ ಮೇಲೆ ಒಬ್ಬನೇ ಬಂದ.
ಯಾರು ಅಂತ ಹೇಳುವುದಿಲ್ಲ;
ಹೇಳಬಾರದೆಂದು ರುಜು ಹಾಕಿಸಿಕೊಂಡಿದ್ದಾರೆ.
ಅದೇ ಉಕ್ಕು, ಬೇರೆ ನಕ್ಷೆ. ಕೊಕ್ಕೆಯಲ್ಲ,
ಹಡಗಿನ ಮುಂಭಾಗದಲ್ಲಿ ಏನನ್ನೋ ಕೂರಿಸಿ
ಸುತ್ತ ತಿರುಗಿಸುವ ಬಳೆ.
ಆ ಏನೋ ಇರಬೇಕಾದ ಕಡೆ ಕಪ್ಪು ಮಸಿ.
ತೊಟ್ಟಿ ಕಲಕತೊಡಗಿದರೆ ಕೈಯೆತ್ತಿ ತಡೆದ:
"ಇಪ್ಪತ್ತು ಸಾಕು, ಮೇಡಮ್. ಅಲ್ಲೀಗ ಮೊದಲಿನ ಚಳಿಯಿಲ್ಲ.
ನೀರು ದಾರಿ ಬಿಟ್ಟಿದೆ. ಎಲ್ಲರೂ ಬರುತ್ತಿದ್ದಾರೆ."

ಎಲ್ಲರೂ ಅಂದರೆ?
ಮದುವೆಗೆ ಬಂದವರ ಹಾಗೋ, ಪಾಲು ಕೇಳಲು ಬಂದವರ ಹಾಗೋ?
ಅದನ್ನು ಕೇಳಲಿಲ್ಲ. ಇನ್ನೊಬ್ಬನ ಸುದ್ದಿ ಕೇಳಿದೆ.
ಜೇಬಿಗೆ ಕೈ ಹಾಕಿದ. ತೆಗೆಯಲಿಲ್ಲ.
ಹಾಗೇ ನಿಂತ,
ಐದು ಸೆಕೆಂಡಿಗಿಂತ ಹೆಚ್ಚು.

ಧ್ರುವದ ಭದ್ರತೆ, ಅನ್ನುತ್ತಾರೆ ವಾರ್ತೆಯಲ್ಲಿ.
ನಮ್ಮೂರ ಹೆಸರಿನಲ್ಲೇ ಇದೆ ಆ ಮಾತು, ಹೊಳೆಯ ಹೆಸರಿನಲ್ಲೂ.
ಹೊಳೆ ಮಾತ್ರ ಭದ್ರವಾಗಿ ನಿಂತದ್ದು ನಾನು ಕಂಡಿಲ್ಲ:
ಕೂಡ್ಲಿಗೆ ಹೋಗುತ್ತದೆ,
ಅಲ್ಲಿಂದಾಚೆ ಅರ್ಧ ಹೆಸರಷ್ಟೇ ತನ್ನದು.

ಪ್ರತಿ ಸಲ ನಾಲ್ಕು ತುಂಡು ಕೊಯ್ಯುತ್ತಿದ್ದೆವು,
ಮೂರು ಮುರಿಯಲು, ಒಂದು ಮೀಸಲು.
ಕೊಕ್ಕೆಯ ಮೀಸಲು ಮುರಿಯುವ ಪ್ರಸಂಗ ಬರಲಿಲ್ಲ.
ಪರೀಕ್ಷಾಲಯಕ್ಕೆ ಬೀಗ ಬಿದ್ದ ದಿನ
ಸೆರಗಿನಲ್ಲಿ ಸುತ್ತಿ ತಂದೆ. ಕಳವು ಅನ್ನಿ, ಪರವಾಗಿಲ್ಲ.
ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಮಲಗಿದೆ.
"ಇದೊಂದು ಯಾಕೆ ಇಲ್ಲಿ?" ಅನ್ನುತ್ತಾನೆ ಅರುಳಪ್ಪ,
ಮೀನು ತೆಗೆಯುವಾಗೆಲ್ಲ.
ಮೈನಸ್ ಹದಿನೆಂಟು.
ಈಗಿನ ಲೆಕ್ಕಕ್ಕೆ ಹೆಚ್ಚೂಕಡಿಮೆ ಸರಿಯೇ.

ಕರೆಂಟು ಹೋದ ರಾತ್ರಿ
ಅದನ್ನು ತೆಗೆದು ಅಂಗೈಯಲ್ಲಿಟ್ಟು ಎಣಿಸುತ್ತೇನೆ.
ನಾಲ್ಕಕ್ಕೆ ಬೆರಳು ಮರಗಟ್ಟುತ್ತದೆ.
ಐದು.
ಆರಕ್ಕೆ ಅದು ಬೆಚ್ಚಗಾಗತೊಡಗುತ್ತದೆ,
ನನ್ನದೇ ಬಿಸಿಗೆ.